ಕ್ಯಾಮೆರಾ ನಿಮ್ದು, ಅಡ್ಮಿನ್ ಯಾರು? ಮನೇಲಿರೋ ಇಂಟರ್ನೆಟ್ ಸಾಮಾನುಗಳ ಹಕ್ಕು ನಿಮ್ಮ ಕೈಗೆ ತಗೊಳ್ಳೋದು ಹೆಂಗೆ

ದಾವಣಗೆರೆ 2016ರಲ್ಲೇ ಸ್ಮಾರ್ಟ್ ಸಿಟಿ ಮೊದಲ 20 ಊರುಗಳ ಪಟ್ಟಿಗೆ ಸೇರ್ತು, ಮನೆಗಳು ಸ್ಮಾರ್ಟ್ ಆಗ್ತಿರೋದು ಈಗ. ಎಂಸಿಸಿ ಬಿ ಬ್ಲಾಕ್, ವಿದ್ಯಾನಗರ, ಶಾಮನೂರು ರೋಡ್ ಕಡೆ ಒಂದು ಸುತ್ತು ಹಾಕಿದ್ರೆ ಗೇಟಿಗೆ ಕ್ಯಾಮೆರಾ ಇಲ್ಲದ ಹೊಸ ಮನೆ ಹುಡುಕ್ಬೇಕು, ಒಳಗೆ ಹೋದ್ರೆ ಸ್ಮಾರ್ಟ್ ಟಿವಿ, ಮಾತಾಡಿದ್ರೆ ಹಾಡು ಹಾಕೋ ಸ್ಪೀಕರ್, ಟೆರೇಸ್ ಮೇಲೆ ಸೋಲಾರ್, ಕೆಲವರ ಮನೇಲಿ ಬಾಗಿಲ ಲಾಕು ಕೂಡ ಮೊಬೈಲಿಗೆ ಸೇರಿರುತ್ತೆ. ದುಡ್ಡು ಕೊಟ್ಟಿದ್ದು ನೀವು, ಬೆಸ್ಕಾಂ ಬಿಲ್ ಕಟ್ಟೋದು ನೀವು, ಆದ್ರೆ ಆ ಸಾಮಾನು ಯಾರ ಮಾತು ಕೇಳುತ್ತೆ ಅನ್ನೋದು ಅದರ ಅಕೌಂಟ್ ಯಾರ ಹೆಸರಲ್ಲಿ ಐತೆ, ಸರ್ವರ್ (ಆ ಸಾಮಾನು ಇಂಟರ್ನೆಟ್ ಮೂಲಕ ಮಾತಾಡೋ ಕಂಪನಿ ಕಂಪ್ಯೂಟರ್) ಯಾರ ಕೈಲಿ ಐತೆ ಅನ್ನೋದರ ಮೇಲೆ ನಿಂತಿರುತ್ತೆ. ಬಿಲ್ ನಿಮ್ಮ ಹೆಸರಲ್ಲಿದ್ದು ಅಡ್ಮಿನ್ ಇನ್ಯಾರೋ ಆಗಿದ್ರೆ ಆ ಸಾಮಾನು ಅರ್ಧ ಮಾತ್ರ ನಿಮ್ದು. ಇನ್ನರ್ಧ ವಾಪಸ್ ತಗೊಳ್ಳೋದು ಹೆಂಗೆ ಅಂತ ಒಂದೊಂದಾಗಿ ಹೇಳ್ತೀನಿ, ಇಂಜಿನಿಯರ್ ಓದಿರಬೇಕು ಅಂತೇನಿಲ್ಲ, ಮೊಬೈಲಲ್ಲಿ ವಾಟ್ಸಾಪ್ ಬಳಸೋಕೆ ಬಂದ್ರೆ ಸಾಕು.

ಕೊಳ್ಳೋಕೆ ಮುಂಚೆ, ಅಂಗಡಿ ಕೌಂಟರಲ್ಲೇ

ಮೊದಲ ಪ್ರಶ್ನೆ ಇದು: "ಇಂಟರ್ನೆಟ್ ಹೋದ್ರೆ ಇದು ಕೆಲಸ ಮಾಡುತ್ತಾ?" ಅಂಗಡಿಯವರು ಹೂಂ ಅಂದ್ರೆ ತೋರಿಸಿ ಅನ್ರಿ, ರೂಟರಿನ ಇಂಟರ್ನೆಟ್ ವೈರ್ ತೆಗೆದು ನೋಡೋಣ ಅನ್ರಿ. ಬಲ್ಬು, ಪ್ಲಗ್ಗು, ಲಾಕು ಇವೆಲ್ಲ ಕಂಪನಿ ಸರ್ವರ್ ಇಲ್ದೆನೂ ಮನೆಯೊಳಗಿನ ವೈಫೈನಲ್ಲೇ ನಡೀಬೇಕು, ಲಾಕಿಗಂತೂ ಕೈಯಲ್ಲಿ ಹಿಡಿಯೋ ಕೀ ಇರಲೇಬೇಕು. ಇದು ಸುಮ್ನೆ ಹೆದರಿಸೋ ಮಾತಲ್ಲ. ಅಮೆರಿಕದಲ್ಲಿ ರಿವಾಲ್ವ್ ಅಂತ ಒಂದು ಹಬ್ ಇತ್ತು, ಮನೆ ಲೈಟು ಬಾಗಿಲು ಎಲ್ಲ ಒಂದೇ ಕಡೆಯಿಂದ ನಡೆಸೋದು, ಬೆಲೆ ಸುಮಾರು 300 ಡಾಲರ್. ಆ ಕಂಪನೀನ 2014ರಲ್ಲಿ ನೆಸ್ಟ್ ಅನ್ನೋ ಇನ್ನೊಂದು ಕಂಪನಿ ಕೊಂಡ್ಕೊಳ್ತು, 2016ರ ಮೇ ತಿಂಗಳಲ್ಲಿ ಸರ್ವರ್ ಬಂದ್ ಮಾಡ್ತು, ಅಷ್ಟೇ, ಜನರ ಮನೇಲಿದ್ದ ಹಬ್ ಎಲ್ಲ ಒಂದೇ ದಿನಕ್ಕೆ ಬರೀ ಡಬ್ಬಿ ಆದ್ವು. ಸಾಮಾನು ಕೆಟ್ಟಿರಲಿಲ್ಲ, ಯಾರೂ ಕದ್ದಿರಲಿಲ್ಲ. ಬಾಕ್ಸ್ ಮೇಲೆ ಮ್ಯಾಟರ್ ಅನ್ನೋ ಗುರುತಿದ್ರೆ ಸ್ವಲ್ಪ ಧೈರ್ಯ, ಅದು 2022ರಲ್ಲಿ ಬಂದ ಸ್ಟ್ಯಾಂಡರ್ಡ್, ಅದರಲ್ಲಿ ಒಂದು ಕಂಪನಿ ಬಲ್ಬನ್ನ ಇನ್ನೊಂದು ಕಂಪನಿ ಆ್ಯಪಿಂದ ಮನೆಯೊಳಗೇ ನಡೆಸ್ಬಹುದು.

ಎರಡನೇದು ರೆಕಾರ್ಡಿಂಗ್ ಎಲ್ಲಿ ಉಳಿಯುತ್ತೆ ಅನ್ನೋದು. ಮನೇಲಿರೋ ಮೆಮೊರಿ ಕಾರ್ಡಲ್ಲೋ ಡಿವಿಆರ್ (ಕ್ಯಾಮೆರಾ ವಿಡಿಯೋ ಸೇವ್ ಮಾಡಿಡೋ ಡಬ್ಬಿ) ಹಾರ್ಡ್ ಡಿಸ್ಕಲ್ಲೋ, ಅಥವಾ ಕಂಪನಿ ಕ್ಲೌಡಲ್ಲೋ, ಅಂದ್ರೆ ಅವರ ಸರ್ವರಲ್ಲೋ? ಕ್ಲೌಡ್ ಆದ್ರೆ ತಿಂಗಳಿಗೆ ಎಷ್ಟು, ಕಟ್ಟೋದು ನಿಲ್ಲಿಸಿದ್ರೆ ಏನೇನು ನಿಲ್ಲುತ್ತೆ. ಕಡಿಮೆ ರೇಟಿಗೆ ಕ್ಯಾಮೆರಾ ಕೊಟ್ಟು ಹಳೇ ವಿಡಿಯೋ ನೋಡೋಕೆ ಚಂದಾ ಕೇಳೋದು ಇರುತ್ತೆ, ಅದನ್ನ ಕೊಳ್ಳೋ ದಿನವೇ ತಿಳ್ಕೊಳ್ರಿ. ನನ್ನ ಮಾತು ಕೇಳಿದ್ರೆ ಮನೇಲೇ ಸೇವ್ ಆಗೋದನ್ನೇ ತಗೊಳ್ರಿ.

ಮೂರನೇದು ಅಪ್‌ಡೇಟ್ ಎಷ್ಟು ವರ್ಷ ಬರುತ್ತೆ. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಒಂದು ಕಾನೂನು ಜಾರಿಗೆ ಬಂತು, ಇಂಟರ್ನೆಟ್ ಸಾಮಾನು ಮಾರೋರು ಸೆಕ್ಯುರಿಟಿ ಅಪ್‌ಡೇಟ್ ಎಲ್ಲಿವರೆಗೆ ಕೊಡ್ತೀವಿ ಅಂತ ಹೇಳಲೇಬೇಕು, ಎಲ್ಲಾ ಪೀಸಿಗೂ ಒಂದೇ ಪಾಸ್‌ವರ್ಡ್ ಹಾಕಿ ಮಾರೋ ಹಂಗಿಲ್ಲ. ನಮ್ಮಲ್ಲಿ ನಾವೇ ಬಾಯಿ ಬಿಟ್ಟು ಕೇಳ್ಬೇಕು. ಆದ್ರೆ ಸಿಸಿಟಿವಿ ವಿಷಯದಲ್ಲಿ ನಮ್ಮ ಕೇಂದ್ರ ಸರ್ಕಾರವೂ ಬಿಗಿ ಮಾಡೈತೆ, 2025ರ ಏಪ್ರಿಲ್ 9ರಿಂದ ಕ್ಯಾಮೆರಾಗಳಿಗೆ ಸೆಕ್ಯುರಿಟಿ ಪರೀಕ್ಷೆ ಕಡ್ಡಾಯ. ಬಾಕ್ಸ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಅದರ ಜೊತೆ ಆರ್ ಅಕ್ಷರದಿಂದ ಶುರುವಾಗೋ ನಂಬರ್ ಇರುತ್ತೆ, ಬಿಐಎಸ್ ಕೇರ್ ಆ್ಯಪಲ್ಲಿ ಆ ನಂಬರ್ ಹಾಕಿದ್ರೆ ಯಾವ ಕಂಪನಿ, ಯಾವ ಸಾಮಾನು ಅಂತ ಅಲ್ಲೇ ಬರುತ್ತೆ. ಹಳೇ ಸ್ಟಾಕ್ ಕಡಿಮೆಗೆ ಕೊಡ್ತೀನಿ ಅಂದಾಗ ಇದನ್ನ ನೋಡೋದು ಇನ್ನೂ ಮುಖ್ಯ.

ಬಿಲ್ ವಿಷಯ ಒತ್ತಿ ಹೇಳ್ತೀನಿ. ನಮ್ಮೂರ ಅಂಗಡಿಗಳಲ್ಲಿ "ಜಿಎಸ್‌ಟಿ ಬಿಲ್ ಬೇಕಂದ್ರೆ ಇಷ್ಟು, ಬೇಡ ಅಂದ್ರೆ ಇಷ್ಟು" ಅಂತ ಬಿಳಿ ಚೀಟೀಲಿ ಎಸ್ಟಿಮೇಟ್ ಬರೆದು ಕೊಡೋದು ಮಾಮೂಲು, ನಾವೂ ಸಾವಿರ ಎರಡು ಸಾವಿರ ಉಳಿತು ಅಂತ ಸುಮ್ನಾಗ್ತೀವಿ. ಆ ಚೀಟಿ ಹಿಡ್ಕೊಂಡು ಗ್ರಾಹಕ ಆಯೋಗದ ಮುಂದೆ ನಿಲ್ಲೋದು ಕಷ್ಟ, ವಾರಂಟಿ ಕೇಳೋದೂ ಕಷ್ಟ, ಮುಂದೆ ಹೇಳ್ತೀನಲ್ಲ ಅಕೌಂಟ್ ಬಿಡಿಸ್ಕೊಳ್ಳೋದು, ಅದಕ್ಕೆ ಕಂಪನಿ ಮೊದಲು ಕೇಳೋದೇ ಬಿಲ್ ಫೋಟೋ. ಗ್ರಾಹಕ ರಕ್ಷಣಾ ಕಾಯ್ದೆ 2019ರಲ್ಲಿ ಬಿಲ್ ಕೊಡದೇ ಇರೋದನ್ನೇ ಅನುಚಿತ ವ್ಯಾಪಾರ ಪದ್ಧತಿ ಅಂತ ಬರೆದಿದಾರೆ. ಬಿಲ್ಲಲ್ಲಿ ನಿಮ್ಮ ಹೆಸರು, ಮಾಡೆಲ್ ನಂಬರ್, ಸೀರಿಯಲ್ ನಂಬರ್ ಮೂರೂ ಬರೆಸ್ರಿ. ಆನ್‌ಲೈನಲ್ಲಿ ಕೊಂಡ್ರೆ ಇನ್‌ವಾಯ್ಸ್ ಡೌನ್‌ಲೋಡ್ ಮಾಡಿ ಇಟ್ಕೊಳ್ರಿ.

ಫಿಟ್ಟರ್ ಬಂದ ದಿನ

ಎಲ್ಲಕ್ಕಿಂತ ಹೆಚ್ಚು ಎಡವೋದು ಇಲ್ಲೇ. ಕ್ಯಾಮೆರಾ ಹಾಕೋ ಹುಡುಗ ಬರ್ತಾನೆ, ಏಣಿ ಹಾಕಿ ವೈರ್ ಎಳೀತಾನೆ, ಡಿವಿಆರ್ ಆನ್ ಮಾಡ್ತಾನೆ, ಆಮೇಲೆ "ಸಾರ್ ನಿಮ್ಮ ಇಮೇಲ್ ಪಾಸ್‌ವರ್ಡ್ ಹೇಳ್ರಿ" ಅಂತಾನೆ, ಮನೆ ಯಜಮಾನ್ರಿಗೆ ಪಾಸ್‌ವರ್ಡ್ ನೆನಪಿಲ್ಲ, ಮಗ ಬೆಂಗಳೂರಲ್ಲಿದಾನೆ, ಫೋನ್ ಎತ್ತಲ್ಲ, ಸಂಜೆ ಆಗ್ತಿರುತ್ತೆ, ಹುಡುಗನಿಗೆ ಇನ್ನೆರಡು ಮನೆ ಕೆಲಸ ಬಾಕಿ, "ಬಿಡ್ರಿ, ನಮ್ಮ ಅಕೌಂಟಲ್ಲಿ ಹಾಕಿ ನಿಮಗೆ ಶೇರ್ ಮಾಡ್ತೀನಿ" ಅಂತಾನೆ. ಅಲ್ಲಿಗೆ ಮುಗೀತು. ನಿಮ್ಮ ಮೊಬೈಲಲ್ಲಿ ವಿಡಿಯೋ ಬರುತ್ತೆ, ನಿಮಗೆ ಖುಷಿ. ಆದ್ರೆ ನಿಮ್ಮ ಮನೆ ಹಾಲ್, ಗೇಟು, ಹಿತ್ತಲು ಎಲ್ಲದರ ಒಡೆತನ ಆ ಹುಡುಗನ ಮೊಬೈಲಲ್ಲಿ ಐತೆ. ಅವನು ನೋಡೋಕೆ ಅಂತ ಮಾಡಿರಲ್ಲ, ನಿಯತ್ತಿನ ಹುಡುಗರೇ ಜಾಸ್ತಿ, ಆದ್ರೆ ಅವನು ನಾಳೆ ಅಂಗಡಿ ಬಿಡ್ತಾನೆ, ಫೋನ್ ಕಳ್ಕೊಂತಾನೆ, ಅದೇ ಫೋನನ್ನ ಇನ್ಯಾರಿಗೋ ಮಾರ್ತಾನೆ. ಮನೆ ಕಟ್ಟಿದ ಮೇಸ್ತ್ರಿ ಮುಂಬಾಗಿಲಿನ ಕೀ ಒಂದು ತನ್ನ ಜೇಬಲ್ಲೇ ಇಟ್ಕೊಂಡು ಹೋಗ್ತೀನಿ ಅಂದ್ರೆ ನಾವು ಒಪ್ತೀವಾ?

ಅದಕ್ಕೆ ಫಿಟ್ಟರ್ ಬರೋ ಹಿಂದಿನ ದಿನವೇ ಮನೆ ಸಾಮಾನಿಗೆ ಅಂತಲೇ ಒಂದು ಹೊಸ ಜಿಮೇಲ್ ಮಾಡಿ ಇಟ್ಕೊಳ್ರಿ. ಬ್ಯಾಂಕಿಗೆ ಕೊಟ್ಟಿರೋದು ಬೇಡ, ಬೇರೆ. ಅದರ ಪಾಸ್‌ವರ್ಡನ್ನ ಒಂದು ನೋಟ್‌ಬುಕ್ಕಲ್ಲಿ ಬರೆದು ಬೀರುವಿನಲ್ಲಿ ಇಡ್ರಿ, ಮೊಬೈಲಲ್ಲಿ ಫೋಟೋ ತೆಗೆದು ಇಡೋದಕ್ಕಿಂತ ಅದೇ ವಾಸಿ. ಫಿಟ್ಟರ್ ಮುಂದೆ ಕೂತು ಆ್ಯಪನ್ನ ನಿಮ್ಮ ಮೊಬೈಲಲ್ಲೇ ಇನ್‌ಸ್ಟಾಲ್ ಮಾಡಿ, ನಿಮ್ಮ ಹೊಸ ಇಮೇಲಲ್ಲೇ ಅಕೌಂಟ್ ಮಾಡಿ, ಡಿವಿಆರ್ ಮೇಲಿನ ಕ್ಯೂಆರ್ ಕೋಡನ್ನ ನೀವೇ ಸ್ಕ್ಯಾನ್ ಮಾಡ್ರಿ. ಮೊದಲು ಯಾರ ಅಕೌಂಟಿಗೆ ಸೇರುತ್ತೋ ಅವರೇ ಮಾಲೀಕರು ಅಂತ ಕಂಪನಿ ಸರ್ವರ್ ಬರ್ಕೊಂತೈತೆ. ಅವನಿಗೆ ಸರ್ವೀಸಿಗೆ ಬೇಕಂದ್ರೆ ನೀವು ಶೇರ್ ಮಾಡ್ರಿ, ಕೆಲಸ ಮುಗಿದ ಮೇಲೆ ತೆಗೀರಿ.

ಆ್ಯಪಿನ ಪಾಸ್‌ವರ್ಡ್ ಬೇರೆ, ಡಿವಿಆರ್ ಒಳಗಿನ ಅಡ್ಮಿನ್ ಪಾಸ್‌ವರ್ಡ್ ಬೇರೆ, ಇದು ತುಂಬ ಜನಕ್ಕೆ ಗೊತ್ತಿರಲ್ಲ. ನೂರು ಮನೆಗೆ ನೆನಪಿಟ್ಕೊಳ್ಳೋಕೆ ಆಗಲ್ಲ ಅಂತ ಫಿಟ್ಟರ್‌ಗಳು ಎಲ್ಲಾ ಕಡೆ ಒಂದೇ ಹಾಕ್ತಾರೆ, ಅಡ್ಮಿನ್ ಅಂತ ಬರೆದು ಮುಂದೆ 123 ಅಂತ. 2025ರ ಫೆಬ್ರವರೀಲಿ ಗುಜರಾತಿನ ರಾಜ್‌ಕೋಟ್‌ನ ಒಂದು ಹೆರಿಗೆ ಆಸ್ಪತ್ರೆ ಒಳಗಿನ ಸಿಸಿಟಿವಿ ವಿಡಿಯೋಗಳು ಯೂಟ್ಯೂಬಲ್ಲಿ ಕಾಣಿಸ್ಕೊಂಡು, ಟೆಲಿಗ್ರಾಮಲ್ಲಿ ದುಡ್ಡಿಗೆ ಮಾರಾಟ ಆಗ್ತಿದ್ವು ಅಂತ ದೇಶಕ್ಕೆಲ್ಲ ಗೊತ್ತಾಯ್ತು, ಡಾಕ್ಟರ ಹತ್ರ ಪರೀಕ್ಷೆಗೆ ಅಂತ ಬಂದ ಹೆಣ್ಮಕ್ಕಳ ವಿಡಿಯೋಗಳವು, ಬಾಗಿಲು ಹಾಕೈತೆ ಅಂತ ನಂಬಿ ಕೂತವರು. ಅಲ್ಲೂ ಇಂಥದ್ದೇ ಸುಲಭದ ಪಾಸ್‌ವರ್ಡ್ ಇತ್ತು ಅನ್ನೋದು ಆಮೇಲೆ ಹೊರಗೆ ಬಂತು. ಇದನ್ನ ಓದಿದ ಮೇಲೂ ಡಿವಿಆರ್ ಪಾಸ್‌ವರ್ಡ್ ಬದಲಾಯಿಸದೆ ಇರಬೇಡ್ರಿ. ಡಿವಿಆರ್ ಮೆನುವಿನಲ್ಲಿ ಯೂಸರ್ ಅನ್ನೋ ಕಡೆ ಹೋಗಿ ಪಾಸ್‌ವರ್ಡ್ ಬದಲಾಯಿಸ್ರಿ, ಅಲ್ಲೇ ಪಟ್ಟೀಲಿ ನಿಮಗೆ ಗೊತ್ತಿಲ್ಲದ ಹೆಸರು ಇದ್ರೆ ಡಿಲೀಟ್ ಮಾಡ್ರಿ, ಪಾಸ್‌ವರ್ಡ್ ಮರೆತಾಗ ಕೇಳೋ ಇಮೇಲು, ಪ್ರಶ್ನೆ ಎಲ್ಲ ನಿಮ್ದೇ ಇದಾವಾ ಅಂತ ನೋಡ್ರಿ.

ಈಗಾಗಲೇ ಹಾಕಿಸಿ ವರ್ಷ ಆಗೈತೆ ಅನ್ನೋರು ಹಿಂಗೆ ನೋಡ್ಕೊಳ್ರಿ. ಆ್ಯಪಲ್ಲಿ ಡಿವೈಸ್ ಸೆಟ್ಟಿಂಗ್ಸ್ ತೆಗೆದಾಗ ಶೇರ್ಡ್ ಅಂತ ತೋರಿಸಿದ್ರೆ, ಅಥವಾ ನಿಮ್ಮ ಹೊಸ ಅಕೌಂಟಿಂದ ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಇದು ಬೇರೆ ಅಕೌಂಟಿಗೆ ಸೇರಿದೆ ಅಂತ ಬಂದ್ರೆ, ಮಾಲೀಕರು ನೀವಲ್ಲ. ಫಿಟ್ಟರ್‌ಗೆ ಜಗಳ ಮಾಡದೆ ವಾಟ್ಸಾಪಲ್ಲಿ ಬರೀರಿ, ಬಾಯಲ್ಲಿ ಹೇಳಿದ್ದಕ್ಕೆ ದಾಖಲೆ ಇರಲ್ಲ:

"ತಮ್ಮಾ, ನಮ್ಮ ಮನೆ ಡಿವಿಆರ್ ನಿನ್ನ ಅಕೌಂಟಲ್ಲಿ ಐತೆ. ಇವತ್ತು ಅದನ್ನ ನಿನ್ನ ಕಡೆಯಿಂದ ಡಿಲೀಟ್ ಮಾಡಿ ಸ್ಕ್ರೀನ್‌ಶಾಟ್ ಕಳಿಸಪ್ಪಾ, ನಾವು ನಮ್ಮ ಅಕೌಂಟಿಗೆ ಸೇರಿಸ್ಕೊಂತೀವಿ. ಸರ್ವೀಸ್ ಇದ್ದಾಗ ನಾವೇ ಶೇರ್ ಮಾಡ್ತೀವಿ."

ಎಷ್ಟೋ ಸಲ ಇಷ್ಟರಲ್ಲೇ ಆಗುತ್ತೆ. ಫೋನೇ ಎತ್ತಲ್ಲ ಅಂದ್ರೆ ಬಿಲ್ ಫೋಟೋ, ಡಿವಿಆರ್ ಕೆಳಗಿನ ಸ್ಟಿಕ್ಕರಿನಲ್ಲಿರೋ ಸೀರಿಯಲ್ ನಂಬರಿನ ಫೋಟೋ ಎರಡನ್ನೂ ಕಂಪನಿ ಕಸ್ಟಮರ್ ಕೇರಿಗೆ ಕಳಿಸಿ ಅನ್‌ಬೈಂಡ್ ಮಾಡಿಕೊಡ್ರಿ, ಅಂದ್ರೆ ಹಳೇ ಅಕೌಂಟಿಂದ ಬಿಡಿಸಿಕೊಡ್ರಿ ಅಂತ ಕೇಳ್ರಿ.

ಸೋಲಾರಿನಲ್ಲೂ ಇದೇ ಕಥೆ. ಕೇಂದ್ರ ಸರ್ಕಾರದ ಮನೆ ಸೋಲಾರ್ ಯೋಜನೆ ಪಿಎಂ ಸೂರ್ಯ ಘರ್ ಬಂದ ಮೇಲೆ, 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಸಿಗುತ್ತೆ ಅಂತ, ತುಂಬ ಮನೆ ಮೇಲೆ ಪ್ಯಾನಲ್ ಏರಿದಾವೆ. ಇನ್ವರ್ಟರಿಗೆ ಒಂದು ಸಣ್ಣ ವೈಫೈ ಸ್ಟಿಕ್ ಸಿಕ್ಕಿಸಿರ್ತಾರೆ, ದಿನಕ್ಕೆ ಎಷ್ಟು ಯೂನಿಟ್ ಆಯ್ತು ಅಂತ ಆ್ಯಪಲ್ಲಿ ತೋರಿಸೋದು ಅದೇ. ಆ ಅಕೌಂಟಲ್ಲಿ ಓನರ್ ನೀವಾಗಿರಬೇಕು, ವೆಂಡರ್ ಬರೀ ಇನ್‌ಸ್ಟಾಲರ್ ಆಗಿರಬೇಕು, ಇಲ್ದಿದ್ರೆ ವೆಂಡರ್ ಬಿಟ್ಟು ಹೋದ ಮೇಲೆ ನಿಮ್ಮ ಮನೆ ಮೇಲಿನ ಕರೆಂಟಿನ ಲೆಕ್ಕ ನಿಮಗೇ ಸಿಗಲ್ಲ. ಚನ್ನಗಿರಿ ಕಡೆ ಅಡಿಕೆ ತೋಟದವರು ಬೋರ್‌ವೆಲ್‌ಗೆ ಮೊಬೈಲ್ ಸ್ಟಾರ್ಟರ್ ಹಾಕಿಸ್ತಾರಲ್ಲ, ಅವರಿಗೂ ಒಂದು ಮಾತು, ಅದರೊಳಗಿನ ಸಿಮ್ ನಿಮ್ಮ ಆಧಾರ್ ಮೇಲೆ ತಗೊಂಡಿದ್ದೇ ಇರಲಿ, ಅಂಗಡಿಯವರ ಹೆಸರಿಂದು ಬೇಡ, ಯಾವ್ಯಾವ ನಂಬರಿಂದ ಮೋಟ್ರು ಆನ್ ಆಗುತ್ತೆ ಅನ್ನೋ ಪಟ್ಟೀನ ವರ್ಷಕ್ಕೊಮ್ಮೆ ನೋಡ್ರಿ.

ರೂಟರ್

ರೂಟರ್ ಕೇಬಲ್‌ನವರು ಕೊಟ್ಟಿದ್ದಾ ನೀವು ಕೊಂಡಿದ್ದಾ ಮೊದಲು ಕೇಳ್ರಿ, ಡೆಪಾಸಿಟ್ ಅಂತ ಕೊಟ್ಟಿದ್ರೆ ರಸೀದಿ ಇಟ್ಕೊಳ್ರಿ. ವೈಫೈ ಪಾಸ್‌ವರ್ಡ್ ಮಾತ್ರ ಅಲ್ಲ, ರೂಟರಿನ ಅಡ್ಮಿನ್ ಪಾಸ್‌ವರ್ಡ್ ಕೂಡ ಬದಲಾಯಿಸ್ರಿ. 2016ರಲ್ಲಿ ಮಿರಾಯ್ ಅಂತ ಒಂದು ವೈರಸ್ ಬಂದು ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಬಿಟ್ಟಿದ್ದ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನ ಲಕ್ಷಗಟ್ಟಲೆ ಹಿಡೀತು, ಆ ಅಕ್ಟೋಬರ್ 21ಕ್ಕೆ ಅವನ್ನೇ ಬಳಸಿ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ದೊಡ್ಡ ಸೈಟ್‌ಗಳು ತೆರೆಯದ ಹಂಗೆ ಮಾಡಿದ್ರು. ಯಾರ ಮನೇಲೋ ಸುಮ್ನೆ ಕೂತಿದ್ದ ಕ್ಯಾಮೆರಾಗಳವು.

ಆಮೇಲೆ ರೂಟರಲ್ಲಿ ಗೆಸ್ಟ್ ನೆಟ್‌ವರ್ಕ್ (ಬೇರೆ ಹೆಸರಿನ ಎರಡನೇ ವೈಫೈ) ಆನ್ ಮಾಡಿ ಕ್ಯಾಮೆರಾ, ಬಲ್ಬು, ಪ್ಲಗ್ಗು ಎಲ್ಲ ಅದಕ್ಕೆ ಹಾಕ್ರಿ, ನಿಮ್ಮ ಮೊಬೈಲು ಲ್ಯಾಪ್‌ಟಾಪು ಮುಖ್ಯ ನೆಟ್‌ವರ್ಕಲ್ಲೇ ಇರಲಿ. ಟಿವಿಗೆ ಮೊಬೈಲಿಂದ ಕಾಸ್ಟ್ ಮಾಡೋ ಅಭ್ಯಾಸ ಇದ್ರೆ ಟಿವೀನ ಗೆಸ್ಟಿಗೆ ಹಾಕಬೇಡ್ರಿ, ಕಾಸ್ಟ್ ಆಗಲ್ಲ, ಇಂಟರ್ನೆಟ್ ಇಲ್ದೆ ಮೊಬೈಲಿಂದ ಮನೆಯೊಳಗೇ ನಡೆಸೋ ಬಲ್ಬು ಪ್ಲಗ್ಗಿಗೂ ಇದೇ ಮಾತು. ಡಬ್ಲ್ಯೂಪಿಎಸ್ (ಪಾಸ್‌ವರ್ಡ್ ಟೈಪ್ ಮಾಡದೆ ವೈಫೈಗೆ ಸೇರಿಸೋದು), ಯೂಪಿಎನ್‌ಪಿ (ಸಾಮಾನುಗಳು ತಾವೇ ರೂಟರಲ್ಲಿ ಹೊರಗಿಂದ ದಾರಿ ತೆಗೆಯೋದು) ಎರಡೂ ಆಫ್. ಹಳೇ ಫಿಟ್ಟರ್ ಯಾರಾದ್ರೂ ಡಿವಿಆರಿಗೆ ಅಂತ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಇಂಟರ್ನೆಟ್ಟಿಂದ ನೇರ ಒಳಗೆ ಬರೋ ದಾರಿ) ಹಾಕಿದ್ರೆ ತೆಗೆಸ್ರಿ. ಮನೇಲಿ ಯುಬಿಡಿಟಿ, ಬಿಐಇಟಿಯಂಥ ಇಂಜಿನಿಯರಿಂಗ್ ಕಾಲೇಜಲ್ಲಿ ಓದೋ ಮಕ್ಕಳಿದ್ರೆ ಈ ಕೆಲಸ ಅವರಿಗೆ ಒಪ್ಪಿಸ್ರಿ, ಹೋಮ್ ಅಸಿಸ್ಟೆಂಟ್ ಅನ್ನೋ ಉಚಿತ ಸಾಫ್ಟ್‌ವೇರ್ ನೋಡೋಕೆ ಹೇಳ್ರಿ, ಒಂದು ಹಳೇ ಕಂಪ್ಯೂಟರಲ್ಲಿ ಅದನ್ನ ಹಾಕಿ ಮನೆ ಸಾಮಾನೆಲ್ಲ ಹೊರಗಿನ ಸರ್ವರ್ ಇಲ್ದೆ ನಡೆಸ್ಬಹುದು.

ಟಿವಿ ಮತ್ತೆ ಸ್ಪೀಕರ್

ಸ್ಮಾರ್ಟ್ ಟಿವಿ ನೀವು ಏನು ನೋಡ್ತೀರಿ ಅಂತ ನೋಡುತ್ತೆ. ತೆರೆ ಮೇಲೆ ಬರೋ ಚಿತ್ರದ ತುಣುಕು ತಗೊಂಡು ಕಂಪನೀಲಿರೋ ಪಟ್ಟಿ ಜೊತೆ ಹೋಲಿಸಿ ಇವರು ಈ ಸೀರಿಯಲ್ಲು, ಈ ಮ್ಯಾಚು ನೋಡ್ತಿದಾರೆ ಅಂತ ಗುರುತು ಹಿಡಿಯುತ್ತೆ, ಕೇಬಲ್ ಬಾಕ್ಸಿಂದ ಬಂದ್ರೂ ಸರಿ. ವಿಜಿಯೋ ಅನ್ನೋ ಕಂಪನಿ 1.1 ಕೋಟಿ ಟಿವಿಗಳಿಂದ ಹಿಂಗೆ ಹೇಳದೆ ಕೇಳದೆ ಮಾಹಿತಿ ತಗೊಂಡಿದ್ದಕ್ಕೆ 2017ರಲ್ಲಿ ಅಮೆರಿಕದಲ್ಲಿ 22 ಲಕ್ಷ ಡಾಲರ್ ಕಟ್ತು. ಸ್ಯಾಮ್‌ಸಂಗ್ ಟಿವೀಲಿ ಇದರ ಹೆಸರು ವ್ಯೂಯಿಂಗ್ ಇನ್ಫರ್ಮೇಷನ್ ಸರ್ವಿಸಸ್, ಎಲ್‌ಜೀಲಿ ಲೈವ್ ಪ್ಲಸ್. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ, ಟರ್ಮ್ಸ್, ಅಡಿಷನಲ್ ಸೆಟ್ಟಿಂಗ್ಸ್ ಅಂತ ಇರೋ ಕಡೆ ಹುಡುಕಿ ಆಫ್ ಮಾಡ್ರಿ, ಮಾಡೆಲ್ ಮೇಲೆ ಜಾಗ ಆಚೀಚೆ ಆಗುತ್ತೆ. ಗೂಗಲ್ ಟಿವಿ ಆದ್ರೆ ಪ್ರೈವಸಿ ಒಳಗೆ ಯೂಸೇಜ್ ಅಂಡ್ ಡಯಾಗ್ನೋಸ್ಟಿಕ್ಸ್ ಆಫ್, ಆ್ಯಡ್ಸ್ ಒಳಗೆ ಅಡ್ವರ್ಟೈಸಿಂಗ್ ಐಡಿ ಡಿಲೀಟ್. ಹೊಸ ಟಿವಿ ಹಾಕುವಾಗ ಎಲ್ಲಾ ಒಪ್ಪಿಗೆ ಅನ್ನೋ ಬಟನ್ ಒತ್ತಬೇಡ್ರಿ, ಒಂದೊಂದೇ ಟಿಕ್ ತೆಗೀರಿ, ಜಾಹೀರಾತಿನ ಟಿಕ್ ತೆಗೆದ್ರೂ ಟಿವಿ ನಡಿಯುತ್ತೆ.

ಸ್ಪೀಕರಿಗೆ ನೀವು ಹೇಳಿದ ಮಾತು ರೆಕಾರ್ಡ್ ಆಗಿ ಸರ್ವರ್‌ಗೆ ಹೋಗುತ್ತೆ, ಉಳಿಯುತ್ತೆ. ಅಮೆಜಾನಿನ ಅಲೆಕ್ಸಾ ಸ್ಪೀಕರ್ ಆದ್ರೆ ಅಲೆಕ್ಸಾ ಆ್ಯಪಲ್ಲಿ ಮೋರ್, ಅಲ್ಲಿಂದ ಅಲೆಕ್ಸಾ ಪ್ರೈವಸಿಗೆ ಹೋದ್ರೆ ಇಲ್ಲೀವರೆಗೆ ನಿಮ್ಮ ಮನೆಯೋರು ಅಲೆಕ್ಸಾ ಜೊತೆ ಮಾತಾಡಿ ಸೇವ್ ಆಗಿರೋದೆಲ್ಲ ಸಿಗುತ್ತೆ, ಅಜ್ಜಿ ದೇವರ ಹಾಡು ಕೇಳಿದ್ದು, ಮೊಮ್ಮಗ ಕಿರುಚಿದ್ದು. ಅಳಿಸ್ರಿ, ಮುಂದಕ್ಕೆ ಸೇವ್ ಆಗಬಾರ್ದು ಅಂತ ಆರಿಸ್ರಿ. ಮಕ್ಕಳ ದನಿ ರೆಕಾರ್ಡಿಂಗನ್ನ ಅಪ್ಪ ಅಮ್ಮ ಅಳಿಸಿ ಅಂದ್ರೂ ಪೂರ್ತಿ ಅಳಿಸದೆ ಇಟ್ಕೊಂಡಿದ್ರು ಅನ್ನೋ ಆರೋಪಕ್ಕೆ ಅಮೆಜಾನ್ 2023ರಲ್ಲಿ ಅಮೆರಿಕದಲ್ಲಿ 2.5 ಕೋಟಿ ಡಾಲರ್ ಕಟ್ಟೋಕೆ ಒಪ್ಕೊಂಡಿತ್ತು. ಅಲ್ಲಿ ಅಲೆಕ್ಸಾ ಇರೋ ಎಕೋ ಸ್ಪೀಕರಿನ ಕೆಲವು ಮಾಡೆಲ್‌ಗಳಲ್ಲಿ ದನೀನ ಸರ್ವರ್‌ಗೆ ಕಳಿಸ್ಲೇಬೇಡ ಅನ್ನೋ ಆಯ್ಕೆ ಇತ್ತು, ಅದನ್ನೂ 2025ರ ಮಾರ್ಚ್ 28ರಿಂದ ತೆಗೆದುಬಿಟ್ರು. ಕೊಂಡಾಗ ಇದ್ದ ಸೌಲಭ್ಯ ಒಂದು ಅಪ್‌ಡೇಟಲ್ಲಿ ಹೋಗಬಹುದು ಅನ್ನೋದಕ್ಕೆ ಇದನ್ನ ಹೇಳ್ತಿದೀನಿ, ಆರು ತಿಂಗಳಿಗೊಮ್ಮೆ ಸೆಟ್ಟಿಂಗ್ಸ್ ತಿರುಗಿ ನೋಡೋ ಅಭ್ಯಾಸ ಇಟ್ಕೊಳ್ರಿ. ಮನೆಯೋರೆಲ್ಲ ಕೂತು ದುಡ್ಡು ಕಾಸು, ಮದುವೆ ಮಾತು ಆಡುವಾಗ ಮೈಕ್ ಬಟನ್ ಒತ್ತಿ ಮ್ಯೂಟ್ ಮಾಡ್ರಿ.

ಕ್ಯಾಮೆರಾ ಯಾರನ್ನ ನೋಡ್ತಿದೆ

ಬೆಡ್‌ರೂಮಿಗೆ, ಬಟ್ಟೆ ಬದಲಾಯಿಸೋ ಕಡೆ ಕ್ಯಾಮೆರಾ ಬೇಡ, ಎಂಥಾ ಕಂಪನಿದಾದ್ರೂ ಬೇಡ. 2024ರ ಫೆಬ್ರವರೀಲಿ ವೈಜ್ ಅನ್ನೋ ಕ್ಯಾಮೆರಾ ಕಂಪನೀಲಿ ಸರ್ವರ್ ಎಡವಟ್ಟಾಗಿ ಸುಮಾರು 13,000 ಜನರಿಗೆ ಬೇರೆಯವರ ಮನೆ ಚಿತ್ರ ಕಾಣಿಸ್ತು. ಅಲ್ಲಿ ಜನರ ಪಾಸ್‌ವರ್ಡ್ ಎಷ್ಟು ಗಟ್ಟಿ ಇದ್ರೂ ಉಪಯೋಗ ಇರಲಿಲ್ಲ.

ಮನೆ ಕೆಲಸಕ್ಕೆ ಬರೋ ಅಕ್ಕನಿಗೆ, ಅಡಿಗೆಯೋರಿಗೆ, ಬಾಡಿಗೆಗೆ ಇರೋರಿಗೆ ಕ್ಯಾಮೆರಾ ಎಲ್ಲೆಲ್ಲಿ ಐತೆ, ದನಿ ರೆಕಾರ್ಡ್ ಆಗುತ್ತಾ ಅಂತ ಬಾಯಿಬಿಟ್ಟು ಹೇಳ್ರಿ. ದನಿ ಬೇಕಿಲ್ಲ ಅಂದ್ರೆ ಆಡಿಯೋ ಆಫ್ ಮಾಡ್ರಿ, ಮನೆ ಕಾಯೋಕೆ ಚಿತ್ರ ಸಾಕು. ಪಕ್ಕದ ಮನೆ ಕಿಟಕಿ, ಬಚ್ಚಲು ಕಡೆ ತಿರುಗಿದ್ರೆ ಕೋನ ಬದಲಾಯಿಸ್ರಿ, ಆಗಲ್ಲ ಅಂದ್ರೆ ಪ್ರೈವಸಿ ಮಾಸ್ಕ್ ಅಂತ ಸೆಟ್ಟಿಂಗ್ ಇರುತ್ತೆ, ಆ ಭಾಗ ಕಪ್ಪಾಗುತ್ತೆ.

ಪಿಜೀಲಿ, ಬಾಡಿಗೆ ರೂಮಲ್ಲಿ ಇರೋ ವಿದ್ಯಾರ್ಥಿಗಳೇ, ನಮ್ಮೂರಲ್ಲಿ ಕಾಲೇಜು ಜಾಸ್ತಿ, ನೀವೂ ಜಾಸ್ತಿ, ಇದು ನಿಮಗೆ. ಗೇಟು, ಮೆಟ್ಟಿಲ ಹತ್ರ ಕ್ಯಾಮೆರಾ ಇರೋದು ಸರಿ. ರೂಮೊಳಗೆ, ಬಾತ್‌ರೂಮ್ ಬಾಗಿಲಿಗೆ ಎದುರಾಗಿ ಇದ್ರೆ ಸರಿಯಲ್ಲ. ಒಬ್ಬರ ಖಾಸಗಿ ಅಂಗಗಳ ಚಿತ್ರ ಒಪ್ಪಿಗೆ ಇಲ್ದೆ ತೆಗೆಯೋದು, ಹಂಚೋದು ಐಟಿ ಕಾಯ್ದೆ 66ಇ ಪ್ರಕಾರ ಅಪರಾಧ, 3 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ ಅಥವಾ ಎರಡೂ. ಹೆಣ್ಮಕ್ಕಳ ವಿಷಯದಲ್ಲಿ ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಬೇರೆ ಐತೆ. ಇಂಥದ್ದು ಕಂಡ್ರೆ ಓನರ್ ಜೊತೆ ವಾದ ಮಾಡೋಕೆ ಮುಂಚೆ ಫೋಟೋ ತೆಗೆದಿಟ್ಕೊಂಡು ಸೈಬರ್ ಠಾಣೆಗೆ ಹೋಗ್ರಿ, ಇಲ್ಲಾ ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಹಾಕ್ರಿ.

ಮಾರುವಾಗ, ಮನೆ ಬದಲಾಯಿಸುವಾಗ

ಫ್ಯಾಕ್ಟರಿ ರಿಸೆಟ್ ಮಾಡಿದ್ರೆ ಮುಗೀತು ಅಂತ ಅನ್ಕೋತಾರೆ. ಇಲ್ಲ. ರಿಸೆಟ್ ಸಾಮಾನಿನ ಒಳಗಿಂದು ಅಳಿಸುತ್ತೆ, ಸರ್ವರಲ್ಲಿ ಅದು ನಿಮ್ಮ ಹೆಸರಲ್ಲೇ ಇರುತ್ತೆ. ಆ್ಯಪಿಂದ ಡಿವೈಸ್ ಡಿಲೀಟ್ ಮಾಡಿ, ಆಮೇಲೆ ರಿಸೆಟ್, ಆಮೇಲೆ ಮೆಮೊರಿ ಕಾರ್ಡ್, ಹಾರ್ಡ್ ಡಿಸ್ಕ್ ತೆಗೆದು ನಿಮ್ಮ ಹತ್ರನೇ ಇಟ್ಕೊಳ್ರಿ. ಸೆಕೆಂಡ್ ಹ್ಯಾಂಡ್ ಕೊಳ್ಳೋರು ದುಡ್ಡು ಕೊಡೋಕೆ ಮುಂಚೆ ನಿಮ್ಮ ಅಕೌಂಟಿಗೆ ಸೇರಿಸಿ ನೋಡ್ರಿ, ಸೇರಿದ್ರೆ ಮಾತ್ರ ದುಡ್ಡು. ಮೊಬೈಲ್ ನಂಬರ್ ಬದಲಾಯಿಸೋಕೆ ಮುಂಚೆ ಓಟಿಪಿ ಹಳೇ ನಂಬರಿಗೆ ಬರೋ ಅಕೌಂಟೆಲ್ಲ ಬದಲಾಯಿಸ್ರಿ. ಗಂಡ ಹೆಂಡತಿ ಬೇರೆಯಾದ ಮನೇಲಿ, ಪಾಲಾದ ಮನೇಲಿ, ಶೇರ್ ಪಟ್ಟಿಯಿಂದ ಹೋದವರ ಹೆಸರು ತೆಗೆಯೋದು ಮರೀಬೇಡ್ರಿ. ಮನೆ ಯಜಮಾನ್ರು ತೀರ್ಕೊಂಡ ಮೇಲೆ ಅವರ ಫೋನಿಗೆ ಮಾತ್ರ ಗೊತ್ತಿದ್ದ ಪಾಸ್‌ವರ್ಡಿಗೆ ಒದ್ದಾಡೋ ಮನೆಗಳೂ ಇದಾವೆ, ಬೀರುವಿನ ನೋಟ್‌ಬುಕ್ ಅದಕ್ಕೂ ಬೇಕು.

ಕಂಪನಿ ಕೇಳದೇ ಹೋದ್ರೆ

ನಮ್ಮ ಹಿಂದೆ ಗಟ್ಟಿಯಾದ ಕಾನೂನು ಐತೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ಕ್ಕೆ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ರು, ಆ ಕೇಸ್ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು. ಅದರ ಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣೆ ಕಾಯ್ದೆ ಬಂತು, ಡಿಪಿಡಿಪಿ ಅಂತಾರೆ. ನನ್ನ ಯಾವ ಮಾಹಿತಿ ಇಟ್ಕೊಂಡಿದೀರಿ ಅಂತ ಕೇಳೋದು, ತಪ್ಪಿದ್ರೆ ತಿದ್ದಿಸೋದು, ಅಳಿಸೋದು, ಕೊಟ್ಟ ಒಪ್ಪಿಗೆ ವಾಪಸ್ ತಗೊಳ್ಳೋದು, ನಮ್ಮ ನಂತರ ಈ ಹಕ್ಕು ಯಾರಿಗೆ ಅಂತ ನಾಮಿನಿ ಮಾಡೋದು ಎಲ್ಲ ಅದರಲ್ಲೈತೆ, ಒಪ್ಪಿಗೆ ಕೇಳೋ ನೋಟೀಸನ್ನ ಕನ್ನಡದಲ್ಲೂ ಓದೋ ಅವಕಾಶ ಕೊಡ್ಬೇಕು ಅಂತಲೂ ಐತೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದ್ವು, ಆದ್ರೆ ಕಂಪನಿಗಳ ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರೋಕೆ ಅಲ್ಲಿಂದ 18 ತಿಂಗಳು ಟೈಮ್ ಕೊಟ್ಟಿದಾರೆ, ಅಂದ್ರೆ 2027ರ ಮೇ. ಎರಡು ವಿಷಯ ಇಲ್ಲಿ ಗಮನದಲ್ಲಿರಲಿ. ಮನೆಯವರು ತಮ್ಮ ಮನೆ ಬಳಕೆಗೆ ಇಟ್ಕೊಂಡಿದ್ದಕ್ಕೆ ಈ ಕಾಯ್ದೆ ಬರಲ್ಲ, ಪಕ್ಕದ ಮನೆ ಕ್ಯಾಮೆರಾ ಜಗಳಕ್ಕೆ ಇದು ಸಿಗಲ್ಲ. ಇನ್ನೊಂದು, ಇದರಲ್ಲಿ ಕಂಪನಿಗೆ 250 ಕೋಟಿವರೆಗೆ ದಂಡ ಹಾಕಿದ್ರೂ ಅದು ಸರ್ಕಾರದ ಖಜಾನೆಗೆ ಹೋಗುತ್ತೆ, ನಿಮಗೆ ಬರಲ್ಲ. ಇದು ನನಗೆ ಸರಿ ಅನ್ನಿಸಲ್ಲ, ಮನೆ ಒಳಗಿನ ಚಿತ್ರ ಹೋದೋರಿಗೆ ಏನೂ ಸಿಗದೆ ಖಜಾನೆಗೆ ದುಡ್ಡು ಹೋದ್ರೆ ಏನು ನ್ಯಾಯ.

ಹಂಗಾಗಿ ನಿಮಗೆ ಪರಿಹಾರ ಬೇಕಂದ್ರೆ ದಾರಿ ಗ್ರಾಹಕ ರಕ್ಷಣಾ ಕಾಯ್ದೆ 2019, ಅದು ಈಗಲೇ ಜಾರಿಯಲ್ಲೈತೆ. ವಿಶ್ವಾಸದಲ್ಲಿ ಕೊಟ್ಟ ವೈಯಕ್ತಿಕ ಮಾಹಿತೀನ ಕಾನೂನು ಬಿಟ್ಟು ಬೇರೆಯವರಿಗೆ ಕೊಡೋದು ಅದರಲ್ಲಿ ಅನುಚಿತ ವ್ಯಾಪಾರ ಪದ್ಧತಿ, ಬಿಲ್ ಕೊಡದೇ ಇರೋದೂ ಅದೇ ಪಟ್ಟೀಲಿ.

ಮೊದಲು ಕಂಪನಿ ಗ್ರೀವೆನ್ಸ್ ಆಫೀಸರಿಗೆ (ದೂರು ನೋಡೋ ಅಧಿಕಾರಿಗೆ) ಇಮೇಲ್ ಹಾಕ್ರಿ. ಕೊಂಡ ತಾರೀಖು, ಬಿಲ್ ನಂಬರ್, ಸೀರಿಯಲ್ ನಂಬರ್, ಏನು ನಿಂತು ಹೋಯ್ತು ಅಥವಾ ಯಾವ ಮಾಹಿತಿ ಹೋಯ್ತು, ನಿಮಗೆ ಏನು ಬೇಕು, ಎಷ್ಟು ದಿನದೊಳಗೆ ಬೇಕು, ಇಷ್ಟೇ, ಕನ್ನಡದಲ್ಲೇ ಬರೆದ್ರೂ ಸರಿ. ಆನ್‌ಲೈನ್ ಶಾಪಿಂಗ್ ಕಂಪನಿ ಆದ್ರೆ 2020ರ ಇ-ಕಾಮರ್ಸ್ ನಿಯಮದ ಪ್ರಕಾರ 48 ಗಂಟೆಯೊಳಗೆ ದೂರು ತಲುಪ್ತು ಅಂತ ಹೇಳ್ಬೇಕು, 1 ತಿಂಗಳೊಳಗೆ ಬಗೆಹರಿಸ್ಬೇಕು. ಆಗ್ಲಿಲ್ವಾ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡ್ರಿ, ಕನ್ನಡದಲ್ಲೂ ಮಾತಾಡ್ತಾರೆ, ಕಂಪನಿಗೆ ಅವರ ಕಡೆಯಿಂದ ದೂರು ಹೋದಾಗ ಎಷ್ಟೋ ಸಲ ಅಲ್ಲೇ ಮುಗಿಯುತ್ತೆ.

ಅಲ್ಲೂ ಆಗ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಕಂಪನಿ ಗುರ್‌ಗಾಂವಲ್ಲಿರಲಿ, ಬೆಂಗಳೂರಲ್ಲಿರಲಿ, ನೀವು ದಾವಣಗೆರೇಲಿದ್ರೆ ದಾವಣಗೆರೇಲೇ, ಚಿತ್ರದುರ್ಗದಲ್ಲಿದ್ರೆ ಚಿತ್ರದುರ್ಗದಲ್ಲೇ ಹಾಕಬಹುದು, ನೀವು ವಾಸ ಇರೋ ಅಥವಾ ಕೆಲಸ ಮಾಡೋ ಕಡೆ ಹಾಕೋ ಹಕ್ಕನ್ನ 2019ರ ಕಾಯ್ದೆ ಕೊಟ್ಟಿದೆ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ರೆ ಫೀಸೇ ಇಲ್ಲ, ವಕೀಲರು ಕಡ್ಡಾಯ ಅಲ್ಲ, 2025ರ ಜನವರಿಯಿಂದ ಬಂದಿರೋ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ಆದ್ರೆ ಒಂದು ಸೂಕ್ಷ್ಮ ಐತೆ. ಸಾಮಾನು ಕೆಟ್ಟಿದೆ, ಸರ್ವೀಸ್ ಕೊಡ್ತಿಲ್ಲ, ಮೋಸದ ವ್ಯಾಪಾರ ಅನ್ನೋ ದೂರು ಜಿಲ್ಲೇಲಿ ನಡೆಯುತ್ತೆ. ಆ್ಯಪಲ್ಲಿ ನಾವು ಒಪ್ಪಿಗೆ ಒತ್ತಿದ ಷರತ್ತೇ ಅನ್ಯಾಯದ್ದು, ಕಾರಣ ಇಲ್ದೆ ಯಾವಾಗ ಬೇಕಾದ್ರೂ ಸೇವೆ ನಿಲ್ಲಿಸ್ತೀವಿ ಅಂತ ಬರ್ಕೊಂಡಿದಾರೆ ಅಂತ ಆ ಕರಾರನ್ನೇ ಪ್ರಶ್ನೆ ಮಾಡೋದಾದ್ರೆ ಅದು ರಾಜ್ಯ ಆಯೋಗಕ್ಕೆ ಹೋಗ್ಬೇಕು, ಜಿಲ್ಲೇಲಿ ತಗೊಳ್ಳಲ್ಲ. ನಮ್ಮಂಥವರ ಹೆಚ್ಚಿನ ಕೇಸು ಮೊದಲ ಥರದ್ದೇ, ಹಂಗೇ ಬರೀರಿ.

ದೂರಿಗೆ ಕಾರಣ ಆದ ದಿನದಿಂದ 2 ವರ್ಷದೊಳಗೆ ಹಾಕ್ಬೇಕು. ಆ್ಯಪ್ ಕೆಲಸ ನಿಲ್ಲಿಸಿದ ದಿನ ಸಿಟ್ಟಲ್ಲಿ ಅನ್‌ಇನ್‌ಸ್ಟಾಲ್ ಮಾಡಬೇಡ್ರಿ, ಮೊದಲು ತಾರೀಖು ಕಾಣೋ ಹಂಗೆ ಸ್ಕ್ರೀನ್‌ಶಾಟ್, ಎರರ್ ಮೆಸೇಜ್, ಕಂಪನಿ ಕಳಿಸಿದ ಇಮೇಲ್ ಎಲ್ಲ ಒಂದು ಫೋಲ್ಡರಿಗೆ ಹಾಕಿ ಬಿಲ್ ಜೊತೆ ಪ್ರಿಂಟ್ ತೆಗೆಸಿ ಇಟ್ಕೊಳ್ರಿ.